ಎಡತೋಳಿನ ಅಳತೆ

ಜೂನ್ ೨೩, ಭಾನುವಾರ

ಪ್ರೀತಿಯ ಅಕ್ಕನಿಗೆ,

ಸದಾ ನಿನ್ನ ಬೆನ್ನ ಹಿಂದೆಯೇ ಅಂಟಿಕೊಂಡಿದ್ದ ನಿನ್ನ ಬಾಲದ ನಮಸ್ಕಾರಗಳು, ಭಾವನಿಗೂ ತಿಳಿಸು. ನೀನು ಪತ್ರದ ಮೇಲೆ ಪತ್ರ ಬರೆದರೂ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಕ್ಕೆ ಚೆನ್ನಾಗಿ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರದ ಥಾನುಗಳು ಅಂಗಡಿಯ ಬಾಗಿಲಿನವರೆಗೂ ಬಂದು ನಿಂತಿದ್ದವು, ತಲೆ ತುರಿಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಇದು ಅರ್ಧ ನಿಜ. ಮಗಳ ಮದುವೆಗೆ ನಿನಗೊಂದು ನಿಲುವಂಗಿ ಹೊಲಿಯುತ್ತೇನೆ, ಅಳತೆಗೆ ಹಳೆಯದೊಂದನ್ನು ಕಳಿಸು ಎಂದು ಬರೆದಿದ್ದೀಯಲ್ಲ, ಅದಕ್ಕೆ ಏನು ಹೇಳಬೇಕೆಂದು ತೋಚದೆ ಹೋದದ್ದು ಇನ್ನರ್ಧ. ಮದುಮಗಳು ಊಟ ಬಿಟ್ಟು ತೆಳ್ಳಗಾಗಲು ಹೊರಟಿದ್ದಾಳೆ ಎಂದೂ ಬರೆದಿದ್ದೀಯ. ಹೊಲಿದಾದ ಮೇಲೆ ತೆಳ್ಳಗಾದರೆ ಬಿಚ್ಚಿ ಹೊಲಿಯುವವಳು ಅವಳೇ ಎಂದು ಹೆದರಿಸು.

ಇಲ್ಲಿಯ ಸುದ್ದಿ ಹೇಳುತ್ತೇನೆ, ಆ ಅಳತೆಯ ಮಾತಿಗೂ ಅದರಲ್ಲೇ ಉತ್ತರ ಸಿಕ್ಕೀತು. ನಮ್ಮ ಹೊಲಿಗೆ ಅಂಗಡಿಯಲ್ಲಿ ಚೂರುಬಟ್ಟೆ ಮಾರಿದ ದುಡ್ಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುವುದು ನಿನಗೆ ಗೊತ್ತು. ವರ್ಷಕ್ಕೊಮ್ಮೆ ಆ ದುಡ್ಡಿನಲ್ಲಿ ಎಲ್ಲರೂ ಸಮುದ್ರದ ದಡಕ್ಕೆ ಹೋಗಿ, ಕಾಲು ತೋಯಿಸಿಕೊಂಡು, ಜಗಳವಾಡಿಕೊಂಡು ವಾಪಸು ಬರುತ್ತೇವೆ. ಈ ಸಲ ಯಜಮಾನಿಯ ಸೊಸೆ ನಡುವೆ ಬಂದಳು. ಅವಳು ನರ್ಸು. ಡಾಕ್ಟರುಗಳ ಒಂದು ಗುಂಪಿನ ಜೊತೆ ದೂರದ ಬಡ ದೇಶಕ್ಕೆ ಹೋಗಿ, ಆಪರೇಷನ್ನಿಗೆ ಗತಿಯಿಲ್ಲದವರ ಆರೈಕೆ ಮಾಡಿ ಬರುತ್ತಾಳೆ. ಒಬ್ಬೊಬ್ಬ ರೋಗಿಯ ಫೋಟೋ ತೋರಿಸಿ, ಆ ಒಬ್ಬರ ಖರ್ಚು ಹೊರುವವರನ್ನು ಹುಡುಕುವುದು ಅವರ ಪದ್ಧತಿ. ಟೀ ಹೊತ್ತಿಗೆ ಬಂದು ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

ಒಬ್ಬ ಯುವತಿ, ಬುಟ್ಟಿ ಹೆಣೆಯುವವಳು. ಒಲೆಯ ಬೆಂಕಿಗೆ ಎಡಗೈ ಸಿಕ್ಕಿ, ಗಾಯ ಮಾಯುವಾಗ ಬೆರಳುಗಳೆಲ್ಲ ಅಂಗೈಗೆ ಅಂಟಿಕೊಂಡಿವೆ. ಈಗ ಬುಟ್ಟಿ ಇಲ್ಲ, ಸಂಪಾದನೆ ಇಲ್ಲ. ಬೇಗ ಬಿಡಿಸಿದರೆ ಕೈ ಬರುತ್ತದೆ, ತಡವಾದರೆ ಕೀಲುಗಳು ಹಾಗೇ ಗಟ್ಟಿಯಾಗಿಬಿಡುತ್ತವೆ ಎಂದಳು ಸೊಸೆ. ಎಲ್ಲರೂ ಆ ಹುಡುಗಿಯ ಮುಖ ನೋಡಿದರು, ನಾನು ಅಂಗಿಯ ತೋಳು ನೋಡಿದೆ. ಬಲತೋಳು ಮಣಿಕಟ್ಟಿಗೆ ನಿಂತಿತ್ತು. ಎಡತೋಳು ಬೆರಳುಗಳ ಆಚೆಗೂ ಇಳಿದಿತ್ತು, ಯಾರೋ ಬೇರೆ ಬಟ್ಟೆ ಸೇರಿಸಿ ಉದ್ದ ಮಾಡಿದ್ದರು. ಅಮ್ಮ ನನಗೆ ಹೊಲಿಯುತ್ತಿದ್ದ ಹಾಗೆ, ಅಮ್ಮನ ನಂತರ ನೀನು ಹೊಲಿಯುವ ಹಾಗೆ. ಇನ್ನೊಂದು ಫೋಟೋದಲ್ಲಿ ಅವಳು ಆ ತೋಳನ್ನು ಮೇಲೆಳೆದು, ಮುಷ್ಟಿಗಟ್ಟಿದ ಕೈಯನ್ನು ಎತ್ತಿ ತೋರಿಸಿ, ನೇರವಾಗಿ ನಮ್ಮನ್ನೇ ನೋಡುತ್ತಿದ್ದಳು. ನಾನು ನನ್ನ ಎಡತೋಳನ್ನು ಇನ್ನೂ ಕೆಳಕ್ಕೆ ಎಳೆದುಕೊಂಡೆ.

ಡಬ್ಬಿಯ ದುಡ್ಡನ್ನು ಅವಳಿಗೆ ಕೊಡೋಣವೆಂದಾಗ, ಗುಂಡಿಗಳಿಗೆ ಕಾಜಾ ಹಾಕುವ ಅಜ್ಜಿ ಮಾತ್ರ ಒಪ್ಪಲಿಲ್ಲ. "ನಮ್ಮ ಬೀದೀಲೇ ಸೊಂಟ ಹಿಡ್ಕೊಂಡು ನರಳೋರು ಇದಾರೆ, ಅದ್ರಲ್ಲಿ ನಾನೂ ಒಬ್ಬಳು. ಊರಿಗೆ ಉಪಕಾರಿ, ಮನೆಗೆ ಮಾರಿ ಆಗೋದು ಬೇಡ. ಕಂಡಿಲ್ಲ, ಕೇಳಿಲ್ಲ, ಯಾವ ದೇಶದೋಳೋ ಏನೋ" ಎಂದಳು. ಅವಳ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ನನ್ನ ಬಾಯಿಂದ "ಕಂಡಿದೀವಲ್ಲ ಅಜ್ಜಿ, ಈಗ ತಾನೇ ಕಂಡ್ವಿ. ಇನ್ನು ಕಂಡಿಲ್ಲ ಅನ್ನೋ ಹಾಗಿಲ್ಲ" ಎಂದು ಬಂದುಬಿಟ್ಟಿತು, ಸ್ವಲ್ಪ ಜೋರಾಗಿಯೇ. ಅಜ್ಜಿ ಕನ್ನಡಕದ ಮೇಲಿನಿಂದ ನನ್ನ ಎಡತೋಳನ್ನು ನೋಡಿದಳು, ಆಮೇಲೆ ತನ್ನ ಸೂಜಿಯನ್ನು ನೋಡಿಕೊಂಡಳು. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಕೊಡ್ರೇ ಅತ್ಲಾಗೆ" ಎಂದಳು. ಡಬ್ಬಿಯದ್ದು ಸಾಲದೆ ಬಂದದ್ದನ್ನು ಎಲ್ಲರೂ ಸೇರಿಸಿದೆವು, ಯಜಮಾನಿಯೂ ಕೈ ಬಿಚ್ಚಿದಳು. ಅದೇ ಒಂದು ಪವಾಡ.

ದರ್ಜಿಗಳಾಗಿ ಬರೀ ದುಡ್ಡು ಕಳಿಸಿ ಸುಮ್ಮನಾಗಲು ಮನಸ್ಸಾಗಲಿಲ್ಲ, ಒಂದು ಅಂಗಿಯನ್ನೂ ಕಳಿಸೋಣ ಎಂದರು. ಅಳತೆಗೆ ಇದ್ದದ್ದು ಫೋಟೋ ಒಂದೇ. ಅಳತೆಗೆ ಬಂದ ಬಟ್ಟೆ ಹೇಗಿದೆಯೋ ಹಾಗೇ ಕತ್ತರಿಸು, ನಿನ್ನ ಬುದ್ಧಿ ಸೇರಿಸಬೇಡ ಎಂದು ಅಮ್ಮ ನಮಗಿಬ್ಬರಿಗೂ ಕಲಿಸಿದ್ದಳಲ್ಲ. ಎಡ ಮಣಿಕಟ್ಟಿನಿಂದ ಬಟ್ಟೆ ಒತ್ತಿ ಹಿಡಿದು, ಬಲಗೈಯಲ್ಲಿ ಕತ್ತರಿ ಆಡಿಸಿದೆ. ಒಳ್ಳೆಯ ನೀಲಿ ಬಟ್ಟೆ, ಕೊರಳಿಗೆ ಅಜ್ಜಿಯ ಕೈಯ ಕಾಜಾ. ಸೊಸೆ ಅದನ್ನು ಚೀಲಕ್ಕೆ ಸೇರಿಸಿ ವಿಮಾನ ಹತ್ತಿದ ಮೇಲೆ, ಮೇಜು ಒರೆಸುವಾಗ ತೋಳಿನ ಕಾಗದದ ಅಚ್ಚುಗಳು ಕೈಗೆ ಸಿಕ್ಕವು. ಒಂದು ಗಿಡ್ಡ, ಒಂದು ಉದ್ದ. ಆಗ ಹೊಳೆಯಿತು ಅಕ್ಕ. ಕೈ ಬಿಡಿಸಿಕೊಳ್ಳಲಿ ಎಂದು ಹಟ ಮಾಡಿ ದುಡ್ಡು ಕೊಡಿಸಿದವಳು ನಾನೇ, ಬಿಡಿಸಿಕೊಳ್ಳದ ಕೈಗೆ ತೋಳು ಕತ್ತರಿಸಿದವಳೂ ನಾನೇ. ಹೊಲಿದವಳಿಗೂ ಅನುಮಾನ ಬರಲಿಲ್ಲ, ಕಾಜಾ ಅಜ್ಜಿಗೂ ಬರಲಿಲ್ಲ. ನನ್ನ ಅಂಗಿಗಳನ್ನು ನೋಡಿ ನೋಡಿ ಅವರ ಕಣ್ಣಿಗೂ ಅದೇ ಸರಿಯಾದ ತೋಳಾಗಿಬಿಟ್ಟಿತ್ತು.

ಆಪರೇಷನ್ ಮುಗಿದು ಕಣ್ಣು ಬಿಟ್ಟವಳು ಆ ಅಂಗಿ ನೋಡಿ, ನನ್ನ ಕೈ ಬರುವುದಿಲ್ಲವೆಂದು ಇವರಿಗೆ ಮೊದಲೇ ಗೊತ್ತಿತ್ತು ಎಂದುಕೊಂಡರೆ? "ಬಿಡೇ, ಚಳಿಗೆ ಬೆಚ್ಚಗಿರತ್ತೆ" ಎಂದು ಅಜ್ಜಿ ಸಮಾಧಾನ ಮಾಡಿದಳು. ಅದು ಬಿಸಿಲಿನ ದೇಶ ಎಂದು ಅವಳಿಗೂ ಗೊತ್ತಿತ್ತು.

ಹೋದ ವಾರ ಸೊಸೆ ಬಂದಳು. ಕಿರುಬೆರಳೊಂದು ಇನ್ನೂ ಮೊಂಡಾಟ ಮಾಡುತ್ತಿದೆಯಂತೆ, ಉಳಿದವು ಬಿಡಿಸಿಕೊಂಡಿವೆ. ಲೋಟ ಹಿಡಿಯುತ್ತಾಳೆ, ಬುಟ್ಟಿಯ ತಳ ಹಾಕಲು ಶುರು ಮಾಡಿದ್ದಾಳೆ. ಆಮೇಲೆ ಫೋಟೋ ತೋರಿಸಿದಳು. ನಮ್ಮ ನೀಲಿ ಅಂಗಿ. ಎಡತೋಳನ್ನು ಮಡಿಚಿ ಮಣಿಕಟ್ಟಿನ ಮೇಲಕ್ಕೆ ತಂದು, ಬಿಳಿ ದಾರದಲ್ಲಿ ಹೊಲಿದಿತ್ತು. "ನಾನೇ ಹಾಕಿಕೊಡ್ತೀನಿ ಅಂದ್ರೆ ಸೂಜೀನೇ ಕೊಡ್ಲಿಲ್ಲ ಆಂಟಿ. ಆ ಕೈಯಲ್ಲೇ ಬಟ್ಟೆ ಹಿಡ್ಕೊಂಡು ಹೊಲಿದ್ಲು. ಇದನ್ನ ಕತ್ತರಿಸಿದೋರಿಗೆ ನನ್ನ ಹಳೇ ಕೈ ಚೆನ್ನಾಗಿ ಗೊತ್ತಿದೆ, ಇನ್ನು ಇಷ್ಟುದ್ದ ಬೇಕಾಗಿಲ್ಲ ಅಂತ ಹೇಳಿ ಅಂದ್ಲು" ಎಂದಳು. ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದು, "ಥೂ, ಕುಡಿದ ಇರುವೆ ನಡೆದ ಹಾಗಿದೆ ಹೊಲಿಗೆ" ಎಂದಳು, ಕಣ್ಣೊರೆಸಿಕೊಂಡಳು, ಹತ್ತಿಯ ದೂಳು ಎಂದು ನಮ್ಮೆಲ್ಲರನ್ನೂ ಗದರಿಸಿದಳು.

ಮದುವೆಗೆ ವಾರ ಮುಂಚೆಯೇ ಬರುತ್ತೇನೆ, ಕೆಲಸ ಉಳಿಸಿಡು. ಮದುಮಗಳು ನೂರು ವರ್ಷ ನಗುನಗುತ್ತಾ ಬಾಳಲಿ, ಅವಳ ಗಂಡನಿಗೆ ಗುಂಡಿ ಹಚ್ಚಿಕೊಳ್ಳಲಾದರೂ ಬರಲಿ. ನೀನು ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಇತಿ,
ನಿನ್ನ ಬಾಲ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂದು ಎಲ್ಲರೂ ಹೋದ ಮೇಲೆ ಸೊಸೆಯ ಮುಂದೆ ನನ್ನ ಎಡಗೈ ಇಟ್ಟೆ. ಮೆತ್ತಗೆ ಒತ್ತಿ ನೋಡಿ, "ಚಿಕ್ಕೋರಿದ್ದಾಗ ಆಪರೇಷನ್ ಆಗಿದ್ರೆ ಸುಲಭ ಇತ್ತು ಆಂಟಿ" ಎಂದಳು. ನನ್ನ ಕೈಗೆ ಕುದಿನೀರು ಬಿದ್ದ ವರ್ಷ ಡಾಕ್ಟರು ಅಮ್ಮನಿಗೆ ಹೇಳಿದ್ದು ನಿನಗೂ ನೆನಪಿರಬೇಕು, ನಾವಿಬ್ಬರೂ ಅಲ್ಲೇ ಬೆಂಚಿನ ಮೇಲಿದ್ದೆವು. "ನಾಲ್ಕು ಜನರನ್ನ ದುಡ್ಡು ಕೇಳಿ ನೋಡಿ ಅಮ್ಮ, ದೊಡ್ಡಾಸ್ಪತ್ರೇಲಿ ಬಿಡಿಸಿಕೊಡ್ತಾರೆ." ಅಮ್ಮ ಯಾರನ್ನೂ ಕೇಳಲಿಲ್ಲ. ಮನೆಗೆ ಬಂದು ಯಂತ್ರದ ಮುಂದೆ ಕೂತು ನನ್ನ ಅಂಗಿಯ ಎಡತೋಳನ್ನು ಉದ್ದ ಮಾಡಿದಳು. ನನಗೊಬ್ಬಳಿಗೇ ಹೊಸ ತೋಳು ಬಂತೆಂದು ನಾನು ಬೀದಿಯೆಲ್ಲ ಕುಣಿದೆ. ಅಮ್ಮನ ಮೇಲೆ ಸಿಟ್ಟಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಇದೆ, ಅಕ್ಕ. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ನಾವು ಕೊಟ್ಟೆವಲ್ಲ, ಕಂಡು ಕೇಳರಿಯದವಳಿಗೆ.

ಅಳತೆಗೆ ಹಳೆಯ ಅಂಗಿ ಕಳಿಸುತ್ತಿಲ್ಲ. ಎರಡೂ ತೋಳು ಮಣಿಕಟ್ಟಿಗೆ ನಿಲ್ಲಲಿ. ಮದುವೆಯ ಫೋಟೋದಲ್ಲಿ ಈ ಸಲ ನಿನ್ನ ಬೆನ್ನ ಹಿಂದೆ ಅಲ್ಲ, ಪಕ್ಕದಲ್ಲಿ ನಿಲ್ಲುತ್ತೇನೆ. ಎಡತೋಳು ಕತ್ತರಿಸುವಾಗ ನಿನ್ನ ಕತ್ತರಿ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ನನ್ನದೂ ಹೋಗಿತ್ತು. ಅಲ್ಲಿ ಸ್ವಲ್ಪ ನಿಲ್ಲಿಸು.