ಆರನೆಯ ಸ್ಕ್ರೂ

ತಾರೀಖು ೧೪, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ಅಣ್ಣನ ಅಕ್ಕರೆಯ ನೆನಪುಗಳು. ನಿನ್ನ ಮೂರು ಕಾಗದಗಳಿಗೆ ಉತ್ತರಿಸದ ಈ ಮಹಾಪರಾಧಿಯನ್ನು ಕ್ಷಮಿಸಿಬಿಡು. ಕೈ ತುಂಬ ಕೆಲಸ. ತಲೆ ತುಂಬ ಅನುಮಾನ.

ಪರದೆ ಏಳಲಿ. ರಂಗದ ನಡುವೆ ಅಮ್ಮನ ಮರದ ಪೆಟ್ಟಿಗೆ. ಅದನ್ನು ನಿನ್ನ ಮಗಳಿಗೆ ಕೊಡಬೇಕೆಂದವಳು ನಿನ್ನ ಅತ್ತಿಗೆಯೇ. ಮುಚ್ಚಳ ಕಿರ್ರೆನ್ನುತ್ತದೆ, ಕೀಲು ಸರಿಮಾಡಿ ಕಳಿಸಿ ಎಂದಳು. ಅಂಗಡಿಗೆ ತಂದು ಬೆನ್ನು ತಿರುಗಿಸಿ ಇಟ್ಟೆ. ಹೊರಮೈಯಲ್ಲಿ ಹಿತ್ತಾಳೆಯ ಎರಡು ಕೀಲು. ಪೆಟ್ಟಿಗೆಯ ಕಡೆ ಆರು ಸ್ಕ್ರೂ, ಮುಚ್ಚಳದ ಕಡೆ ಆರು. ಕೆಳಗಿನ ಆರಕ್ಕೂ ಸೀಮೆಎಣ್ಣೆ ಕುಡಿಸಿ, ಕಾದ ಸಲಾಕೆ ಮುಟ್ಟಿಸಿ, ಕೈಕಾಲು ಹಿಡಿದು ಬೇಡಿಕೊಂಡ ಮೇಲೆ ಹೊರಬಂದವು. ಮೇಲಿನ ಮೊದಲನೆಯದೋ, ಬೆಣ್ಣೆಯಲ್ಲಿ ನೆಟ್ಟಂತೆ ಎದ್ದು ಬಂತು. ಅಲ್ಲಿಗೇ ಕೈ ನಿಲ್ಲಿಸಿದೆ. ಬೀಗ ಮುಟ್ಟದೆ, ಮೇಲಿನ ಸ್ಕ್ರೂ ಬಿಚ್ಚಿ ಯಾರೋ ಹಿಂದಿನಿಂದ ತೆರೆದು ಮತ್ತೆ ಹಾಕಿದ್ದಾರೆ.

ಅಮ್ಮ ತೀರಿಕೊಂಡ ವಾರ ಈ ಪೆಟ್ಟಿಗೆಯಿಂದ ಅವಳ ಬಳೆಗಳು ಕಾಣೆಯಾದದ್ದು ನಿನಗೆ ನೆನಪಿರಬೇಕು. ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅತ್ತಿಗೆಯ ಹತ್ತಿರವಿತ್ತು. ಹನ್ನೊಂದು ವರ್ಷ ಅವಳನ್ನು ಕಳ್ಳಿಯೆಂದು ಯಾರೂ ಕರೆಯಲಿಲ್ಲ, ಅಲ್ಲವೆಂದೂ ಯಾರೂ ಹೇಳಲಿಲ್ಲ.

ನನ್ನ ಮೊದಲ ಗುಮಾನಿ ಪಾಲಿಶ್‌ನವನ ಮೇಲೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪೆಟ್ಟಿಗೆಗೆ ಪಾಲಿಶ್ ಹೊಡೆದವನು ಅವನೇ ತಾನೆ? ಕರೆಸಿ ಗದರಿದೆ. ಅವನು ಕನ್ನಡಕ ಏರಿಸಿ ಮೇಲೆ ಉಳಿದ ಐದು ಸ್ಕ್ರೂಗಳನ್ನು ನೋಡಿ ನಕ್ಕುಬಿಟ್ಟ.

"ಯಜಮಾನ್ರೇ, ನಾನು ಸ್ಕ್ರೂ ಹಾಕಿದ್ರೆ ಒಂದು ಬಾಗಿಲು ನೋಡ್ತಿರುತ್ತೆ, ಇನ್ನೊಂದು ಕಿಟಕಿ. ಇವು ನೋಡಿ, ಸ್ಕೂಲು ಮಕ್ಕಳ ಥರ ಸಾಲಾಗಿ ನಿಂತಿವೆ."

ಆಮೇಲೆ ನಿಮ್ಮ ಯಜಮಾನರ ಮೇಲೂ ಅನುಮಾನಪಟ್ಟೆ, ಮುಚ್ಚಿಡುವುದಿಲ್ಲ. ಆದರೆ ಒಂದು ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ ಮಹಾನುಭಾವರು ಆರು ಸ್ಕ್ರೂ ಬಿಚ್ಚಿ ಹಾಕುವುದುಂಟೆ?

ನಿನ್ನ ಮಗಳು ಚೆನ್ನಾಗಿ ಓದಲಿ. ನಿಮ್ಮೆಲ್ಲರ ಮನೆ ತಣ್ಣಗಿರಲಿ.

ಇಂತು ನಿನ್ನ
ಅಣ್ಣ

ಮರೆತ ಮಾತು: ಆ ಐದೂ ಸ್ಕ್ರೂಗಳ ತಲೆಯ ಗೀಟು ನೆಟ್ಟಗೆ ನಿಂತಿದೆ. "ಗೀಟು ನೆಟ್ಟಗಿರ್ಲಿ, ಸಡಿಲಾದ್ರೆ ನೋಡಿದ ಕೂಡ್ಲೇ ಗೊತ್ತಾಗುತ್ತೆ" ಎಂದು ಅಪ್ಪ ತಲೆಗೆ ಮೊಟಕಿ ಕಲಿಸಿದ್ದು ನಮ್ಮಿಬ್ಬರಿಗೇ. ನಾನು ಆ ಪೆಟ್ಟಿಗೆಯನ್ನು ಅಂಗಡಿಗೆ ತರುವವರೆಗೆ ಮುಟ್ಟಿರಲಿಲ್ಲ.

ಬಳೆ ಕಾಣೆಯಾದ ದಿನ ನಿನ್ನ ಅತ್ತಿಗೆಯ ಟ್ರಂಕನ್ನು ನೆಂಟರೆದುರು ನೆಲಕ್ಕೆ ಸುರಿದವನು ನಾನು. "ಹುಡುಕಿ, ಚೆನ್ನಾಗಿ ಹುಡುಕಿ" ಎಂದಷ್ಟೇ ಅಂದಳು. ಆ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟವಳು ನೀನು. ಎಂಥ ಒಳ್ಳೆಯ ನಾದಿನಿ ಎಂದು ಎಲ್ಲರೂ ಹೊಗಳಿದರು.

ಅವಳಿಗೆ ಇನ್ನೂ ಏನೂ ಹೇಳಿಲ್ಲ. ಪೆಟ್ಟಿಗೆ ಕಳಿಸುವುದಿಲ್ಲ, ನೀನೇ ಬಾ. ಬಳೆ ಬೇಡ. ಬಿಚ್ಚಿದ ಆ ಒಂದು ಸ್ಕ್ರೂ ನನ್ನ ಜೇಬಿನಲ್ಲಿದೆ. ಅದನ್ನು ಅತ್ತಿಗೆಯ ಎದುರಿಗೆ ಕೂತು ನೀನೇ ಹಾಕಬೇಕು.