ಮೆತ್ತನೆ ಕಿವಿಯ ಪರೀಕ್ಷೆ

ನವೆಂಬರ್ 9
ಸೂರ್ಯ ಎಂಬುವರು ಇಂದೂ ಗೈರುಹಾಜರು. ನಮ್ಮ ಚೆಂಗ್ಡು ಊರಿನ ಮೇಲೆ ಯಥಾಪ್ರಕಾರ ಮೋಡದ ಬೂದು ಮುಚ್ಚಳ. ಅಮ್ಮನ ಬಟ್ಟೆ ಒಣಗಿಲ್ಲ, ಅಪ್ಪನ ಮುಖ ಅರಳಿಲ್ಲ. ಅಕ್ಕ ವೆನ್‌ಶಿ ಮೆಚ್ಚಿರುವ ಗಾವ್ ಶುವೊ ದೂರದ ಉತ್ತರದ ಹಾರ್ಬಿನ್‌ನವನು. ಅದೇ ಅಪರಾಧ.

"ಉತ್ತರದವ್ರು ಹೆಂಡ್ತಿ ಮಾತು ಕೇಳೋ ಪೈಕಿ ಅಲ್ಲ ಕಣೇ," ಅಂದರು ಅಪ್ಪ, ಬಾಣಲೆಗೆ ಮೆಣಸಿನಕಾಯಿ ಸುರಿಯುತ್ತ. "ನಮಗೆ ಮೆತ್ತನೆ ಕಿವಿಯವನೇ ಬೇಕು."

ಹೆಂಡತಿ ಹೇಳಿದಂತೆ ನಡೆಯುವವನಿಗೆ ನಮ್ಮೂರಲ್ಲಿ ಆ ಬಿರುದು. ಬೀದಿಯಲ್ಲಿ ಅಂಥವನನ್ನು ಕಂಡು ನಗುತ್ತಾರೆ, ಅಳಿಯನಾಗಿ ಅಂಥವನನ್ನೇ ಹುಡುಕುತ್ತಾರೆ. ಅಪ್ಪ ಸ್ವತಃ ಬಿರುದಾಂಕಿತರು — ಅಡುಗೆ ಅವರದೇ.

ನಾಡಿದ್ದು ಟೀ ಅಂಗಡಿಯಲ್ಲಿ ಸಂದರ್ಶನ. ಅಪ್ಪ ಒಲ್ಲೆ ಎಂದರೆ ಮುಗಿಯಿತು. ಅಕ್ಕ ಮೀರುವವಳಲ್ಲ. ಸುಮ್ಮನೆ ಸೊರಗುವವಳು.

ನವೆಂಬರ್ 10, ಸಂಜೆ
ಗಾವ್ ಫೋನ್ ಮಾಡಿದ್ದ. ದನಿಯಲ್ಲಿ ನಡುಕ.

"ನಿಮ್ಮಪ್ಪ ಏನ್ ಕೇಳ್ತಾರಪ್ಪಾ?"

"ಕಿವಿ ಮೆತ್ತಗಿದೆಯಾ ಅಂತ ಮುಟ್ಟಿ ನೋಡ್ತಾರೆ. ತಲತಲಾಂತರದ ಪದ್ಧತಿ. ಬಿಸಿ ಟವೆಲ್ ಕಟ್ಕೊಂಡು ಮಲಗಿ."

ನಗಲಿಲ್ಲ. ನನ್ನ ಸಂಯಮವನ್ನು ಇತಿಹಾಸ ಗಮನಿಸಲಿ.

ನವೆಂಬರ್ 11, ಬೆಳಗ್ಗೆ
ಬಿಸಿಲು. ಬಿಸಿಲು. ಬಿಸಿಲು.
ನಾಯಿಗಳು ಆಕಾಶಕ್ಕೆ ಬೊಗಳುತ್ತಿವೆ. ಎದುರುಮನೆ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಜಡಿದು ಕುರ್ಚಿ ಹೊತ್ತು ಬಿಸಿಲಿಗೆ ಓಡಿದರು. ಮಹಡಿಯಿಂದ ನೋಡಿದರೆ ಪಶ್ಚಿಮಕ್ಕೆ ಹಿಮಪರ್ವತ — ಕಟ್ಟಡಗಳ ಹಿಂದೆ, ಈಗಷ್ಟೇ ತಂದಿಟ್ಟ ಹಾಗೆ. ಅಪ್ಪ ಹಾಡುತ್ತಿದ್ದಾರೆ...

ಮಧ್ಯಾಹ್ನ
ಬರೆದುಬಿಡುತ್ತೇನೆ.
ನದಿದಂಡೆಯ ಟೀ ಅಂಗಡಿ. ಇಡೀ ಊರು ಬಿದಿರು ಕುರ್ಚಿಗಳಲ್ಲಿ ಮೈಚಾಚಿದೆ. ಅಪ್ಪ ಗಂಟಲು ಸರಿಮಾಡಿಕೊಂಡರು. "ಏನಪ್ಪಾ, ನಿನ್ನ ಕಿವಿ ಮೆತ್ತಗಿದೆಯೋ?"

ಗಾವ್ ಎದ್ದ. ಬಗ್ಗಿದ. ಕಿವಿ ಒಡ್ಡಿದ.

ಪಕ್ಕದ ಮೇಜಿನ ಮಾಜಾಂಗ್ ಆಟ ನಿಂತಿತು. ಅಪ್ಪ ತಬ್ಬಿಬ್ಬಾಗಿ ಮುಟ್ಟಿ ನೋಡಿದರು. "ಕಲ್ಲು."

ಅಕ್ಕ ಬಿಳಿಚಿಕೊಂಡಳು. ನಾನು ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿದೆ.

"ಹೇಳಿದ ಹಾಗೇ ರಾತ್ರಿಯೆಲ್ಲ ಬಿಸಿ ಟವೆಲ್ ಕಟ್ಟಿದ್ದೆ ಅಂಕಲ್. ವೆನ್‌ಶಿ ಹೇಳಿದ್ರೆ ದಿನಾ ಕಟ್ತೀನಿ."

ಅಪ್ಪನ ಮೂಗಿನಿಂದ ಟೀ ಬಂತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಅವನ ಕಿವಿ ಮಾತ್ರ ಬಿಡಲಿಲ್ಲ.

"ಯಾವನೋ ತರಲೆ ಹೇಳಿದ್ದಕ್ಕೇ ಇಷ್ಟು ಮಾಡಿದೋನು, ಹೆಂಡ್ತಿ ಹೇಳಿದ್ರೆ ಏನು ಮಾಡಲ್ಲ? ವೆನ್‌ಶಿ, ಈ ಊರಲ್ಲೇ ಇಷ್ಟು ಮೆತ್ತನೆ ಕಿವಿ ಸಿಗಲ್ಲ ಕಣೇ. ಕೂರಿಸು ಇವನನ್ನ, ಬಿಸಿಲಿರೋ ಕಡೆ."

ನವೆಂಬರ್ 12
ಮತ್ತೆ ಬೂದು. ಪರ್ವತ ಮಾಯ. ಅಕ್ಕ ಗಾವ್‌ಗೆ ಮೆತ್ತನೆ ಕಿವಿಯ ನಿಜವಾದ ಅರ್ಥ ಹೇಳಿದ್ದಾಳೆ. ಬೆಳಗಿನಿಂದ ಅವನ ಫೋನ್... ಈಗ ಮತ್ತೆ. ಎಷ್ಟೆಂದು ತಪ್ಪಿಸಿಕೊಳ್ಳಲಿ? ಗಾಂಭೀರ್ಯದಿಂದ ಎತ್ತಿಕೊಂಡು, ಮೊದಲು ಹೇಳಬೇಕಾದ್ದು ಒಂದೇ ಮಾತು: "ಭಾವಾ!"