ಮಂಡಿಯ ಹಳೆಯ ಸ್ಕ್ಯಾನ್

ಯೂನಿಯನ್ ಸಿಟಿ
ಗುರುವಾರ

ಅಕ್ಕನಿಗೆ ನಮಸ್ಕಾರ.

ನಿನ್ನ ಮಗ ಅಭಿರಾಮ್ ಚೆನ್ನಾಗಿ ಊಟ ಮಾಡುತ್ತಿದ್ದಾನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿದರೆ ನೀನು ನನ್ನ ಮೇಲೆ ರೇಗುತ್ತೀಯ.

ಅವನ ಎಡಮಂಡಿ ಊದಿ ಹತ್ತು ದಿನವಾಯಿತು. ಇಲ್ಲಿ ಫುಟ್‌ಬಾಲ್ ಆಟಗಾರರು ದಿನಾ ಬೆಳಿಗ್ಗೆ ನೋವು ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿ ತುಂಬಿ, ಫೋನಿನಲ್ಲೇ ತಂಡಕ್ಕೆ ಕಳಿಸಬೇಕು. ಇವನು ಸೊನ್ನೆ ತುಂಬುತ್ತಾನೆ. ಆಮೇಲೆ ಮಹಡಿ ಮೆಟ್ಟಿಲ ಮೇಲೆ ಕುಳಿತು, ಒಂದೊಂದೇ ಜಾರಿಕೊಂಡು ಇಳಿಯುತ್ತಾನೆ. ಕೇಳಿದರೆ, "ಐ ಆ್ಯಮ್ ಫೈನ್, ಆಂಟಿ."

ಶನಿವಾರದ ಪಂದ್ಯಕ್ಕೆ ಇಂಗ್ಲೆಂಡಿನಿಂದ ಅವನ ಕ್ಲಬ್ಬಿನವರು ಅವನ ಆಟ ನೋಡಲು ಬರುತ್ತಾರೆಂದು ನನಗೂ ಗೊತ್ತು. ಹತ್ತೊಂಬತ್ತರ ಹುಡುಗನನ್ನು ಮೂರನೇ ಸಲ ಬೇರೆ ತಂಡಕ್ಕೆ, ಈಗ ಇಲ್ಲಿನದಕ್ಕೆ, ಆಡಲು ಎರವಲು ಕೊಟ್ಟಿದ್ದಾರೆ. ಈ ಸಲವೂ ಅವರಿಗೆ ಮೆಚ್ಚುಗೆಯಾಗದಿದ್ದರೆ ನಾಲ್ಕನೇ ಸಲ ಕೊಡುವುದಿಲ್ಲ, ಕೈಬಿಡುತ್ತಾರೆ. "ಶನಿವಾರದವರೆಗೆ ಸುಮ್ನಿರೇ ಊರ್ಮಿ" ಎಂದು ನೀನು ನಿನ್ನೆ ಫೋನಿನಲ್ಲಿ ಹೇಳಿದ್ದು ಮರೆತಿಲ್ಲ. ಬಾಯಿತಪ್ಪಿ ಹೇಳಿದ್ದೂ ಮರೆತಿಲ್ಲ: ಇದೇ ಮಂಡಿಯ ಕಳೆದ ವರ್ಷದ ಸ್ಕ್ಯಾನ್ ಇದೆ, ಅದನ್ನು ಯಾವ ಕ್ಲಬ್ಬಿಗೂ ತೋರಿಸಿಲ್ಲ.

ಈ ಇಮೇಲ್ ಓದಿದ ಕೂಡಲೇ ಅದನ್ನು ನನಗೆ ಕಳಿಸು. ನಾಳೆ ಬೆಳಿಗ್ಗೆ ಎಂಟಕ್ಕೆ ಓಕ್ಲ್ಯಾಂಡಿನಲ್ಲಿ ತಂಡದ ಡಾಕ್ಟರು ಅವನನ್ನು ನೋಡುತ್ತಾರೆ. ನೀನು ಕಳಿಸದಿದ್ದರೆ ಆ ಸ್ಕ್ಯಾನ್ ಇರುವುದನ್ನು ನಾನೇ ಅವರಿಗೆ ಬಾಯಿಬಿಟ್ಟು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಅವನ ಕೈಯಿಂದ ಫೋನು ಕಿತ್ತುಕೊಂಡೆ. ಸೊನ್ನೆ ಅಳಿಸಿ, ಎಂಟು ಎಂದು ಹಾಕಿ ಕಳಿಸಿಬಿಟ್ಟೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಮೆಟ್ಟಿಲ ಮೇಲೇ ಕುಳಿತಿದ್ದವನು, ಈ ಮನೆಗೆ ಬಂದ ಮೇಲೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದ.

"ಎಂಟಲ್ಲ ಚಿಕ್ಕಮ್ಮ. ಹತ್ತು."

ನಿನ್ನ ತಂಗಿ,
ಊರ್ಮಿಳಾ